ಸಂಕಪ್ಪನ ಅಂಗೈಯಲ್ಲೊಂದು ಚಿಲಕ

ನಾನು ಒಂದು ಕಬ್ಬಿಣದ ಚಿಲಕ. ಗದಗಿನ ಕುಲುಮೆಯಲ್ಲಿ ನಾನು ಹುಟ್ಟಿದ ದಿನ ಸೂರ್ಯನೇ ಬೆವರು ಒರೆಸಿಕೊಂಡನಂತೆ. ಮೊದಲ ನೌಕರಿ ಟಾಕೀಸಿನ ಬಾಗಿಲಲ್ಲಿ. ಹೊಸ ಸಿನಿಮಾ ಬಂದಾಗ ಹತ್ತು ಸಾವಿರ ಜನ ನುಗ್ಗಿದರೂ, ಸರಿ, ನೂರು ಅನ್ನಿ, ಎದೆಯೊಡ್ಡಿ ನಿಂತವನು ನಾನು! ಟಾಕೀಸು ಮುಚ್ಚಿತು, ಗುಜರಿಗೆ ಬಿದ್ದೆ. ಅಲ್ಲಿಂದ ಊರಾಚೆಯ ವ್ಯಸನಮುಕ್ತಿ ಕೇಂದ್ರದವರು ನನ್ನನ್ನು ತಂದು ಒಂದು ಕೋಣೆಯ ಬಾಗಿಲಿಗೆ ಹೊರಗಿನಿಂದ ಬಿಗಿದರು.

ಆ ಕೋಣೆಗೆ ಬಂದವನು ದರ್ಜಿ ಸಂಕಪ್ಪ. ಬೆನ್ನುನೋವಿಗೆಂದು ಅವನು ನುಂಗಿದ ಗುಳಿಗೆ ಕೊನೆಗೆ ಅವನನ್ನೇ ನುಂಗಿತ್ತು. ಕೇಂದ್ರಕ್ಕೆ ಬಂದದ್ದು ಇದು ನಾಲ್ಕನೆಯ ಸಲ. ಮೊದಲ ವಾರ ಅವನು ಬಾಗಿಲು ಬಡಿದ ಬಡಿತಕ್ಕೆ ಮೂರು ಜಿಲ್ಲೆ ನಡುಗಿದವು. ನಾನು ಹಲ್ಲು ಕಿರಿದೆ. ನೀರು ಕೇಳಿದರೆ ಕಾವಲಿನವರ "ತಡಿ". ಮಗಳಿಗೆ ಫೋನ್ ಮಾಡ್ತೀನಿ ಅಂದರೆ "ಸುಮ್ಮ ಕೂಡ್ರಲೇ". ಎರಡನೆಯ ವಾರ ಅವನು ಬಡಿಯಲಿಲ್ಲ. ಗೆದ್ದೆನೆಂದು ನಾನು ಬೀಗಿದೆ.

ಆಗ ಬಂದವಳು ಹೊಸ ನರ್ಸ್ ಫಿಲೋಮಿನಾ. ಒಂದು ಭಾನುವಾರ ಮೇಲಿನವರೊಂದಿಗೆ ಜಗಳಾಡಿ, ನನ್ನ ನಾಲ್ಕೂ ಸ್ಕ್ರೂ ಬಿಚ್ಚಿ, ನನ್ನನ್ನು ಅವನ ಅಂಗೈಯಲ್ಲಿಟ್ಟಳು.

"ಸಂಕಣ್ಣ, ಇದೇ ನಿಮ್ಮ ಚಿಲಕ. ಮಗಳು ಪಡಸಾಲೆಯಲ್ಲಿ ಕೂತಿದ್ದಾಳೆ. ನಾಲ್ಕಕ್ಕೆ ಅವಳ ಬಸ್ಸು. ನೀವಾಗಿಯೇ ಬನ್ನಿ."

ಬಾಗಿಲು ಮುಂದೆ ಮಾಡಿ ಹೋದಳು. ಸಂಕಪ್ಪ ಬಾಗಿಲ ಮುಂದೆ ನಿಂತ. ತಳ್ಳಲಿಲ್ಲ.

"ಅಕ್ಕಾರ, ಬಾಗಿಲಾ ತೆಗೀರಿ!" ಎಂದು ಕೂಗಿದ. ಚಿಲಕವನ್ನು ಕೈಯಲ್ಲೇ ಹಿಡಿದುಕೊಂಡು!

ನಾನು ಅವನ ಬೆವರಲ್ಲಿ ತೊಯ್ದೆ. ಗಡಿಯಾರ ಮೂರೂಮುಕ್ಕಾಲು ದಾಟಿತು. ಹೊರಗೆ ಮಗಳು ಗಿರಿಜವ್ವನ ದನಿ: "ಅಪ್ಪ ಬರಾಂಗಿಲ್ಲೇನ್ರಿ?"

"ನನ್ನ ಕೈಲೆ ಆಗಾಂಗಿಲ್ಲ," ಅವನು ಗೊಣಗಿದ. "ಗುಳಿಗಿ ಮೂರು ಸಲ ಬಿಟ್ಟು ನೋಡೇನಿ. ಏನೂ ಆಗಾಂಗಿಲ್ಲ."

ಮಾರಾಯಾ, ನಾನು ಬಾಗಿಲಲ್ಲಿಲ್ಲವೋ! ಕೂಗಲು ನನಗೆಲ್ಲಿಯ ಬಾಯಿ? ಚಪ್ಪಲಿ ಸದ್ದಾಯಿತು. ಅವಳು ಹೊರಟಳು.

"ತಡಿಯವ್ವಾ!" ಎಂದವನೇ ನನ್ನ ಸಮೇತ ಮುಷ್ಟಿಯಿಂದ ಗುದ್ದಿದ. ಬಾಗಿಲು ಹಾರಿತು, ಅವನು ಮುಗ್ಗರಿಸಿದ. ಬೈಯುವವರಿಗಾಗಿ ಎಡಬಲ ನೋಡಿದ. ಯಾರೂ ಬೈಯಲಿಲ್ಲ.

"ಕೈಯಾಗ ಏನಪ್ಪಾ ಅದು?" ಮಗಳು ಕೇಳಿದಳು. ಅವನು ಅಳುತ್ತ ನನ್ನನ್ನು ಜೇಬಿಗಿಳಿಸಿದ.

ಈಗ ನನಗೆ ಮುಪ್ಪು, ತುಕ್ಕು. ಸಂಕಪ್ಪನ ಹೊಲಿಗೆ ಅಂಗಡಿಯ ಮೇಜಿನ ಮೇಲೆ, ಕತ್ತರಿಸುವ ಬಟ್ಟೆ ಹಾರದಂತೆ ಕೂತಿದ್ದೇನೆ. ಬಿರುಗಾಳಿಯನ್ನೇ ತಡೆದಿದ್ದೇನೆ, ಫ್ಯಾನಿನದು. ಬೆನ್ನು ಹಿಡಿದ ದಿನ ಅವನ ಕಣ್ಣು ಎದುರಿನ ಔಷಧದಂಗಡಿಗೆ ಹೋಗುತ್ತದೆ. ನನ್ನ ಜೀವ ಹಾರುತ್ತದೆ. ಅವನು ನನ್ನನ್ನೆತ್ತಿ ಅಂಗೈಯಲ್ಲಿ ತೂಗುತ್ತಾನೆ. ಆಗ ಮಾತ್ರ ಹತ್ತು ಸಾವಿರ ಜನರ ಕಥೆ ನಾನು ಎತ್ತುವುದಿಲ್ಲ. ನಾನೆಷ್ಟು ಭಾರವೆಂದು ಅವನಿಗೆ ಸರಿಯಾಗಿ ತಿಳಿಯಲಿ: ಕಾಲು ಕಿಲೋ ಕೂಡ ಇಲ್ಲ.