ಬೆಂಕಿಪೊಟ್ಟಣದ ಹಿಂದಿನ ಸೀಟು

ಆ ಬಾಂಬರ್ ವಿಮಾನಕ್ಕೆ ಸರ್ಕಾರ ಇಟ್ಟ ಗಂಭೀರವಾದ ಹೆಸರೊಂದಿತ್ತಂತೆ. ಹತ್ತಿದವರು ಮಾತ್ರ ಬೆಂಕಿಪೊಟ್ಟಣ ಎಂದೇ ಕರೆದರು. ಮುಂದೆ ಪೈಲಟ್, ಅವನ ಬೆನ್ನಿಗೆ ಬೆನ್ನು ಕೊಟ್ಟು ಬಂದೂಕಿನವನು, ಇಬ್ಬರ ಕಾಲಡಿಗೆ ಪೆಟ್ರೋಲು. ಬಾಲಕ್ಕೆ ಬರೀ ಬಟ್ಟೆ ಸುತ್ತಿದ್ದರು. ಓಟವೋ, ದಿನ ತುಂಬಿದ ಬಸುರಿಯ ನಡಿಗೆ. ರಥ ಒಂದೇ, ಸಾರಥಿಯ ಮುಖ ಹೋಗುವ ಕಡೆಗೆ, ಬಿಲ್ಲಾಳಿನ ಮುಖ ಬಿಟ್ಟು ಬಂದ ಕಡೆಗೆ. ಸಾವು ಬರುವುದನ್ನು ಕಾಣುವವನೊಬ್ಬ, ಅದನ್ನು ತಪ್ಪಿಸಬೇಕಾದವನು ಇನ್ನೊಬ್ಬ.

ಯುದ್ಧದಲ್ಲಿ ಸಾಲುಸಾಲಾಗಿ ಉರಿದುಹೋದ ಈ ನತದೃಷ್ಟ ವಿಮಾನಕ್ಕೆ ಈಗ ಕಂಪ್ಯೂಟರಿನ ಯುದ್ಧದಾಟದಲ್ಲಿ ಎಲ್ಲಿಲ್ಲದ ಅಭಿಮಾನಿಗಳು. ಅವರಲ್ಲೊಬ್ಬಳು, ಬಂದರಿನಲ್ಲಿ ಕ್ರೇನ್ ಓಡಿಸುವ ತರುಣಿ. ರಜೆಯ ದಿನ ಸಿಮ್ಯುಲೇಟರಿನ ಮುಂದೆ ಕೂತಳೆಂದರೆ ಅವಳಿಗೆ ಹಸಿವೆಯ ಪರಿವೆಯೂ ಇಲ್ಲ. ಬೇರೆ ವಿಮಾನ ಮುಟ್ಟದ ಅವಳಿಗೆ ಆಟದ ಬಳಗದವರು ಇಟ್ಟ ಹೆಸರು ಆಮೆ.

"ಫೈಟರ್‌ನಲ್ಲಿ ಯಾರು ಬೇಕಾದ್ರೂ ಗೆಲ್ತಾರೆ," ಎನ್ನುತ್ತಿದ್ದಳು. "ಇದ್ರಲ್ಲಿ ಜೀವ ಉಳಿಸ್ಕೊಂಡು ವಾಪಸ್ ಬಂದು ತೋರಿಸ್ಲಿ ನೋಡೋಣ."

ಅವಳ ಅಜ್ಜ ನಿಜವಾದ ಬೆಂಕಿಪೊಟ್ಟಣದ ಹಿಂದಿನ ಸೀಟಿನಲ್ಲಿ ಕೂತು ಬಂದವನು. ಕೊನೆಯ ಹಾರಾಟದ ಬೆಳಿಗ್ಗೆ ಅವನ ಜೋಡಿ ಪೈಲಟ್ ಜ್ವರದಿಂದ ಮಲಗಿದ್ದ. ಇಂಜಿನ್ ಶುರುವಾದ ಮೇಲೆ ಯಾರೋ ಹೊಸಬನನ್ನು ತಂದು ಕೂರಿಸಿದರು. ಅವನ ಹೆಸರನ್ನು ಅಜ್ಜ ಒಮ್ಮೆಯೂ ಹೇಳಿದವನಲ್ಲ; ಮನೆಯಲ್ಲಿ ಎಲ್ಲರಿಗೂ ಅವನು 'ಪುಕ್ಕಲ'. ಎಡಗಡೆ ಗುಂಡು ಬರುತ್ತಿದೆ ಎಂದು ಅಜ್ಜ ಅವನ ತೋಳಿಗೆ ಕಟ್ಟಿದ್ದ ಹಗ್ಗ ಎಳೆದು ಎಚ್ಚರಿಸಿದರೂ ಪುಕ್ಕಲ ಕೈಕಾಲು ಬಿಟ್ಟು ಗುಂಡಿನ ಬಾಯಿಗೇ ವಿಮಾನ ತಿರುಗಿಸಿದನಂತೆ. ಅಜ್ಜನ ಕತ್ತಿನ ಮೇಲೆ ಯಾರೋ ಬಿಸಿನೀರು ಸುರಿದಂತಾಯಿತು. ಒರೆಸಿಕೊಂಡು ನೋಡಿದರೆ ರಕ್ತ, ಅದರಲ್ಲಿ ಎಲುಬಿನ ಚೂರು. ಉರಿಯುವ ವಿಮಾನದಿಂದ ಅಜ್ಜ ಧುಮುಕಿದ. ಪುಕ್ಕಲ ಅದರ ಜೊತೆಗೇ ಹೋದ.

"ಒಂದೇ ಒಂದ್ಸಲ ಅದ್ರಲ್ಲಿ ಕೂತು ನೆಲಕ್ಕೆ ಇಳೀಬೇಕು ಕಣೆ," ಎಂದ ಅಜ್ಜ ಒಂದು ಭಾನುವಾರ. "ಧುಮುಕೋದಲ್ಲ. ಇಳಿಯೋದು. ಇಳಿಸ್ತೀಯಾ?"

"ಇಳಿಸ್ತೀನಿ."

ಎರಡು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಇಟ್ಟಳು. ಅವಳೆದುರು ಒಂದು ಪರದೆ, ಅಜ್ಜನೆದುರು ಇನ್ನೊಂದು. ಬಂದೂಕಿನ ಸದ್ದಿಗೆ ಅಜ್ಜನ ಕಿವಿ ಎಂದೋ ಹೋಗಿತ್ತು, ಹೆಡ್‌ಫೋನು ಹಾಕಿ ಪ್ರಯೋಜನವಿರಲಿಲ್ಲ. ಬಟ್ಟೆ ಒಣಹಾಕುವ ಹಗ್ಗ ತರಿಸಿ ಅವಳ ಎರಡೂ ತೋಳಿಗೆ ಕಟ್ಟಿ, ತುದಿಗಳನ್ನು ತನ್ನ ಮೊಣಕಾಲಿಗೆ ಸುತ್ತಿಕೊಂಡ. ಅವರ ಕಾಲದಲ್ಲೂ ಮೈಕು ಕೈಕೊಟ್ಟಾಗ ಇದೇ ಉಪಾಯ.

"ನಾನೇನು ಎತ್ತಾ?" ಅವನ ಕಿವಿಗೆ ಬಾಯಿಟ್ಟು ಕೂಗಿದಳು.

"ಎತ್ತಾಗಿದ್ರೆ ಹೇಳಿದ ಮಾತು ಕೇಳ್ತಿತ್ತು. ನಡಿ ನಡಿ."

ಬಾಂಬು ಹಾಕಬೇಕಿದ್ದ ಸೇತುವೆಯ ತನಕ ಯಾರ ಕಾಟವೂ ಇರಲಿಲ್ಲ. ಬಾಂಬು ಬಿದ್ದಾಗ ಸೇತುವೆ ನಡುಮುರಿದ ಹಾವಿನಂತೆ ಎದ್ದು ಬಿತ್ತು. ಲಾರಿಗಳು, ಲಾರಿಯೊಳಗಿನ ಆಳುಗಳು, ಎಲ್ಲ ಒಟ್ಟೊಟ್ಟಿಗೆ ನೀರಿಗೆ. ತೇಲಿದ ಎಣ್ಣೆಗೆ ಬೆಂಕಿ ಹತ್ತಿ, ಈಜುವವರು ಈಜುತ್ತಲೇ ಉರಿದರು. ಹಿಂದಕ್ಕೆ ಮುಖಮಾಡಿ ಕೂತ ಅಜ್ಜನಿಗೆ ಅದೆಲ್ಲ ಕಾಣುತ್ತಿತ್ತು.

ಅವಳ ಹೆಡ್‌ಫೋನಿನಲ್ಲಿ ನಗು ಕೇಳಿತು. ಶತ್ರುವಿನ ಫೈಟರ್ ಹಾರಿಸುತ್ತಿದ್ದವನು ಬಳಗದ ಗೆಳೆಯ, ಹಲ್ಲಿನ ಡಾಕ್ಟರು. "ಆಮೆ ಅಕ್ಕಾ, ಬಾಯಿ ತೆಗೀರಿ. ಇವತ್ತು ಇಂಜೆಕ್ಷನ್ ಕೊಡದೇ ಕೀಳ್ತೀನಿ."

ಎಡ ರೆಕ್ಕೆಯ ಮಗ್ಗುಲಲ್ಲಿ ಗುಂಡಿನ ಸಾಲು ಕೆಂಡದ ಸರದಂತೆ ಹರಿಯಿತು. ಎಡತೋಳಿನ ಹಗ್ಗ ಜಗ್ಗಿತು. ಅವಳು ಎಡಕ್ಕೆ ತಿರುಗಿಸಿದಳು.

ಸಾಲು ನೇರ ಒಳಗೇ ನುಗ್ಗಿತು. ಗಾಜು ಪುಡಿಯಾಯಿತು, ಪರದೆಯ ತುಂಬ ಕೆಂಪು ಎರಚಿತು, ಪೈಲಟ್‌ನ ಕೈಗವಸು ಬೆರಳುಗಳ ಸಮೇತ ಕಿತ್ತು ಬಿತ್ತು. ಅಜ್ಜನ ಪರದೆಯಲ್ಲಿ ಕಾಲಡಿಯಿಂದ ಬೆಂಕಿ ಎದ್ದಿತ್ತು.

ಅಜ್ಜ ಹಿಮ್ಮಡಿಯಿಂದ ಹಿಂದಿದ್ದ ಅವಳ ಕುರ್ಚಿಯನ್ನು ಒದ್ದ. "ಆ ಕಡೆಗೆ ಯಾಕೆ ಹೋದೆ? ಎಡಕ್ಕೆ ಎಳೆದೆ ಅಲ್ವೇನೇ ನಾನು!"

"ನೀನು ಎಡಕ್ಕೆ ಎಳೆದೆ, ನಾನು ಎಡಕ್ಕೆ ತಿರುಗಿಸ್ದೆ!" ಹಿಂದಕ್ಕೆ ವಾಲಿ ಅವನ ಕಿವಿಗೇ ಕೂಗಿದಳು.

"ಎಳೆದ ಕಡೆ ಗುಂಡಿದೆ ಅಂತ! ಅಲ್ಲಿಂದ ತಪ್ಪಿಸ್ಕೋ ಅಂತ!"

"ಹಾಗಂತ ನಂಗೆ ಯಾರು ಹೇಳಿದ್ರು, ಅಜ್ಜ? ಎಳೆದ ಕಡೆ ತಾನೆ ಯಾರಾದ್ರೂ ತಿರುಗೋದು?"

ಅಜ್ಜ ಇನ್ನೊಮ್ಮೆ ಒದೆಯಲು ಎತ್ತಿದ ಕಾಲು ಅಲ್ಲೇ ನಿಂತಿತು. ತಾನೂ ಜೋಡಿ ಪೈಲಟ್ಟೂ ಮಾಡಿಕೊಂಡಿದ್ದ ರೂಢಿ ಅದು. ಇಬ್ಬರಿಗಷ್ಟೇ ಗೊತ್ತಿದ್ದದ್ದು. ಅವಳು ತಿರುಗಿ ನೋಡಿದಾಗ ಅವನ ಅಂಗೈ ಕತ್ತಿನ ಹಿಂಭಾಗವನ್ನು ಉಜ್ಜುತ್ತಿತ್ತು, ಉಜ್ಜುತ್ತಲೇ ಇತ್ತು.

"ಅವನಿಗೂ ಹೇಳಿರ್ಲಿಲ್ಲ," ಎಂದ. "ಹೆದರಿರ್ಲಿಲ್ಲ ಕಣೆ ಅವನು. ನಾನು ಎಳೆದ ಕಡೆಗೆ ಬಂದ."

ಅವಳು ಹಗ್ಗ ಬಿಚ್ಚಲು ಹೋದಳು.

"ಬಿಡು. ಮತ್ತೆ ಹಾರಿಸು. ಈ ಸಲ ನಿನ್ನ ಲೆಕ್ಕ. ಎಳೆದ ಕಡೆ ತಿರುಗು."

ಮತ್ತೆ ಸೇತುವೆ, ಮತ್ತೆ ಬೆಂಕಿ, ಮತ್ತೆ ಡಾಕ್ಟರ ನಗು. ಕೆಂಡದ ಸರ ಎಡಕ್ಕೆ ಹರಿದಾಗ ಅಜ್ಜನ ಕೈ ತಾನಾಗಿ ಅವಳ ಎಡತೋಳಿನ ಹಗ್ಗಕ್ಕೆ ಹೋಯಿತು. ಇಡೀ ಆಯುಸ್ಸಿನ ರೂಢಿ. ಇನ್ನೊಂದು ಕೈಯಿಂದ ಅದನ್ನು ಹೊಡೆದು ಬಿಡಿಸಿ, ಅವಳ ಬಲತೋಳಿನ ಹಗ್ಗವನ್ನು ಚರ್ಮ ಕೀಳುವಷ್ಟು ಜೋರಾಗಿ ಜಗ್ಗಿದ.

ಅವಳು ಬಲಕ್ಕೆ ಉರುಳಿದಳು. ಆದರೆ ಆ ಒಂದು ಕ್ಷಣದ ತಡಕ್ಕೆ ಗುಂಡುಗಳು ಬಾಲದಿಂದ ಹಿಂದಿನ ಸೀಟಿನವರೆಗೆ ಬಟ್ಟೆ ಸೀಳಿದಂತೆ ಸೀಳುತ್ತ ಬಂದವು. ಅಜ್ಜನ ಪರದೆ ಕೆಂಪಾಯಿತು, ಆಮೇಲೆ ಕಪ್ಪಾಯಿತು. ಅವಳು ಒಂದು ರೆಕ್ಕೆ ಉರಿಯುತ್ತಿದ್ದ ವಿಮಾನವನ್ನು ಕ್ರೇನಿನ ಭಾರದಂತೆ ಮೆಲ್ಲಗೆ, ಮೆಲ್ಲಗೆ ತಗ್ಗಿಸಿದಳು. ಚಕ್ರಗಳು ಗುಂಡೇಟಿಗೆ ಹಾಳಾಗಿದ್ದವು. ವಿಮಾನ ಹೊಟ್ಟೆಯ ಮೇಲೆ ಬಿದ್ದು, ನೆಲವನ್ನು ಉಳುತ್ತ ಹೋಗಿ, ಬೇಲಿಗೆ ಗುದ್ದಿ ನಿಂತಿತು.

ಕಪ್ಪು ಪರದೆಯ ಮುಂದೆ ಅಜ್ಜ ಹಗ್ಗ ಹಿಡಿದು ಕೂತೇ ಇದ್ದ. "ಏನಾಯ್ತೇ? ಇಳಿದ್ವಾ?"

ಅವಳು ಅವನ ಕಿವಿಗೆ ಬಗ್ಗಿದಳು. "ಪುಕ್ಕಲ ಇಳಿದ, ಅಜ್ಜ. ಬದುಕಿದ್ದಾನೆ. ನೀನು ಹಿಂದೆನೇ ಸತ್ತೋದೆ."

ಎರಡೂ ಹಗ್ಗಗಳು ಒಟ್ಟಿಗೆ ಜಗ್ಗಿದವು. ಅವಳ ತೋಳು ಉರಿಯಿತು.

"ಹಾಗನ್ಬೇಡ ಅವನಿಗೆ," ಎಂದು ಅಜ್ಜ, ಮನೆಯಲ್ಲಿ ಯಾರೂ ಕೇಳಿರದ ಅವನ ಹೆಸರನ್ನು ಮೊದಲ ಸಲ ಹೇಳಿದ.