ದೊರೆಸಾನಿ ಕುಡಿದ ಹಾಲು

ಎಪ್ಪತ್ತೇಳು ವರ್ಷದ ಮೇಲೆ ಅಕ್ಕ ಮನೆಗೆ ಬರುತ್ತಾಳೆಂದರೆ ಯಾರು ತಾನೆ ಸುಮ್ಮನೆ ಕೂರುತ್ತಾರೆ? ಮಣ್ಣೂರಿನ ಹಮೀದಾಬೇಗಂ ಮೂರು ದಿನದಿಂದ ಮನೆಮಂದಿಯನ್ನೆಲ್ಲ ಕುಣಿಸಿಬಿಟ್ಟಿದ್ದಳು. ಗೋಡೆಗೆ ಸುಣ್ಣವಾಯಿತು. ಅಕ್ಕನಿಗೆಂದು ಅಫಜಲಪುರದಿಂದ ಹಸಿರು ಬಳೆ ಬಂದವು. ಹಾಲುಶಾವಿಗೆಗೆ ಗೋಡಂಬಿ ಕಡಿಮೆಯಾಯಿತೆಂದು ಮಗಳ ಮಗಳು ನೂರೀನ ಎರಡು ಸಲ ಬೈಸಿಕೊಂಡಳು. ಜೇವರ್ಗಿಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಹುಡುಗಿಗೆ ಗೋಡಂಬಿಯ ಲೆಕ್ಕ ಎಲ್ಲಿ ಗೊತ್ತು!

ಬರುವವಳು ವಿಲಾಯಿತಿಯ ಲೇಡಿ ಸಿಸಿಲಿ. ಅವಳಪ್ಪ ನಿಜಾಮನ ಕಾಲದಲ್ಲಿ ಭೀಮಾ ನದಿಯ ಅಳತೆಗೆ ಬಂದಿದ್ದ ಎಂಜಿನಿಯರ್, ತಾಯಿ ದೊಡ್ಡ ಲಾರ್ಡ್ ಮನೆತನದ ಮಗಳು. ಇಲ್ಲೇ ಹೆರಿಗೆಯಾಗಿ ತಿಂಗಳಿಗೆ ದೊರೆಸಾನಿ ಜ್ವರ ಬಂದು ಮಲಗಿದಳು, ಎದೆಯಲ್ಲಿ ಒಂದು ಹನಿ ಹಾಲಿರಲಿಲ್ಲ. ಆಗ ಹಮೀದಾಳನ್ನು ಹೆತ್ತು ಇಪ್ಪತ್ತು ದಿನದ ಬಾಣಂತಿಯಾಗಿದ್ದ ಅವರ ಅಡುಗೆಯವಳು ಖುರ್ಷಿದಬೀ ಆ ಕೂಸನ್ನೂ ಎತ್ತಿಕೊಂಡಳು. ಒಂದು ಎದೆ ಇವಳಿಗೆ, ಒಂದು ಎದೆ ಅವಳಿಗೆ. ಒಂದೇ ಹಾಲು ಕುಡಿದವರು ಒಡಹುಟ್ಟಿದವರೇ ಎಂಬುದು ಇವರ ಧರ್ಮದ ಮಾತು. ಎರಡು ವರ್ಷಕ್ಕೆ ಆ ಸಂಸಾರ ಊರು ಬಿಟ್ಟಿತು.

ಸಾಯುವ ತಾಯಿ ಮಕ್ಕಳಿಗೆ ಕುಡಿಸಿದ ಹಾಲನ್ನು ಮಾಫ್ ಮಾಡಬೇಕು, ಇಲ್ಲದಿದ್ದರೆ ಋಣ ತೀರುವುದಿಲ್ಲ ಎಂಬ ನಂಬಿಕೆ ಈ ಮನೆಯಲ್ಲಿದೆ. ಖುರ್ಷಿದಬೀ ಕೊನೆಗಾಲದಲ್ಲಿ ಎಲ್ಲ ಮಕ್ಕಳಿಗೂ ಮಾಫ್ ಮಾಡಿ, ಹಮೀದಾಳ ಕೈ ಹಿಡಿದು, "ಸಿಸಿಲಿಗೂ ಮಾಫ್ ಮಾಡೇನಿ. ಬಂದ್ರ ನೀನ ಹೇಳ ಬೇ," ಎಂದಿದ್ದಳು. ಅವಳು ತೀರಿಕೊಂಡ ಸುದ್ದಿ ತಿಳಿದು ವಿಲಾಯಿತಿಯಿಂದ ಕಾಗದವೂ ಬಂದಿತ್ತು. 'ನಿನ್ನ ತಾಯಿ ನನಗೂ ತಾಯಿ, ನೀನು ನನ್ನ ತಂಗಿ' ಎಂದು ಸಿಸಿಲಿ ಕೈಯಾರೆ ಬರೆದಿದ್ದಳು. ಕಾಗದ ಟ್ರಂಕಿನಲ್ಲಿತ್ತು, ಅಮ್ಮನ ಮಾತು ಇಪ್ಪತ್ತು ವರ್ಷದಿಂದ ಹಮೀದಾಳ ನಾಲಿಗೆಯ ತುದಿಯಲ್ಲಿತ್ತು.

ಕಾರು ಬಂತು. ಸಿಸಿಲಿ ಕೋಲೂರಿಕೊಂಡು ಇಳಿದಳು, ಹಿಂದೆ ಕ್ಯಾಮೆರಾ ಹಿಡಿದ ಮಗ. ಹಮೀದಾ ತೋಳು ಚಾಚಿದರೆ ಸಿಸಿಲಿ ಕೈಯಷ್ಟೇ ಕುಲುಕಿದಳು. ಅವರ ರಿವಾಜು ಹಾಗಿರಬಹುದೆಂದು ಹಮೀದಾ ಸಮಾಧಾನ ತಂದುಕೊಂಡಳು.

ಸಿಸಿಲಿ ತನ್ನ ತಾಯಿಯ ಜೀವನದ ಮೇಲೆ ಪುಸ್ತಕ ಬರೆದಿದ್ದಳು. ಮಗ ಅದನ್ನೇ ಸಿನಿಮಾ ಮಾಡುತ್ತಿದ್ದ. ಪುಸ್ತಕ ತೆರೆದು ತೋರಿಸಿದಾಗ ಹಮೀದಾ ಕನ್ನಡಕ ಹಾಕಿಕೊಂಡು ಬಗ್ಗಿದಳು. ಕೂಸು ಸಿಸಿಲಿಯ ಫೋಟೋ. ಕೂಸನ್ನು ಹಿಡಿದ ಎರಡು ಕೈಗಳು, ಕೈತುಂಬ ಗಾಜಿನ ಬಳೆ. ಮುಖವಿರಬೇಕಾದಲ್ಲಿ ಫೋಟೋ ಮುಗಿದುಹೋಗಿತ್ತು.

"ಅಮ್ಮನ ಮಾರಿ ಎಲ್ಲಿ ಹೋತ?"

ನೂರೀನ ಫೋಟೋದ ಕೆಳಗಿನ ಸಾಲು ಓದಿದಳು, ಆಮೇಲೆ ಪುಸ್ತಕ ಮುಚ್ಚಹೋದಳು.

"ಏನ್ ಬರದದ? ಹೇಳ."

"ಅವರಮ್ಮ ಜ್ವರದಾಗೂ ತಾನೇ ಎದಿಹಾಲು ಕೊಟ್ಟು ಬೆಳಸ್ಯಾಳಂತ ಅದ, ನಾನಿ. ಬ್ಯಾರೆ ಯಾರ ಕೈಗೂ ಕೊಡಲಿಲ್ಲಂತ."

ಹಮೀದಾ ಟ್ರಂಕಿನಿಂದ ಕಾಗದ ತಂದು ಸಿಸಿಲಿಯ ಮುಂದೆ ಹಿಡಿದಳು. ತನ್ನದೇ ಅಕ್ಷರ ಕಂಡು ಸಿಸಿಲಿಯ ಮುಖ ಕೆಂಪಾಯಿತು. ಅದನ್ನು ಮಡಚಿ ಪುಸ್ತಕದ ಕೆಳಗೆ ತಳ್ಳಿ, ಕ್ಯಾಮೆರಾದತ್ತ ನಕ್ಕು, "ಇವಳು ಹಮೀದಾ, ನಮ್ಮ ಅಡುಗೆಯವಳ ಮಗಳು," ಎಂದಳು. ನೂರೀನ ಅದನ್ನೂ ಕನ್ನಡಕ್ಕೆ ತಿರುಗಿಸಬೇಕಾಯಿತು.

ಪರದೇಶದವಳು ಗೊತ್ತಿಲ್ಲದೆ ಅಂದಿದ್ದರೆ ಹಮೀದಾ ನಕ್ಕು ಬಿಡುತ್ತಿದ್ದಳು. ಗೊತ್ತಿದ್ದೂ ಅಂದಳಲ್ಲ! ಬಳೆಯ ಪೊಟ್ಟಣವನ್ನು ಅವಳು ಸೆರಗಿನೊಳಗೆ ಸೇರಿಸಿಕೊಂಡಳು. ಆದರೆ ಸತ್ತವಳ ಮಾತು ಮುಟ್ಟಿಸಲೇಬೇಕಲ್ಲ.

"ಸಿಸಿಲಿ, ನಮ್ಮಮ್ಮ ನಿನಗ ಕುಡಿಸಿದ ಹಾಲು ಮಾಫ್ ಮಾಡ್ಯಾಳ."

ನೂರೀನ ತಗ್ಗಿದ ದನಿಯಲ್ಲಿ ಸಿಸಿಲಿಗೆ ತಿಳಿಸಿದಳು. ಏನೆಂದು ಮಗ ಕೇಳಿದ್ದಕ್ಕೆ, "ಪಾಪ, ನಮ್ಮನ್ನು ಹರಸುತ್ತಿದ್ದಾಳೆ," ಎಂದಳು ಸಿಸಿಲಿ.

ಅದನ್ನು ಮೊಮ್ಮಗಳಿಂದ ತಿಳಿದುಕೊಂಡ ಹಮೀದಾ ಕ್ಯಾಮೆರಾದತ್ತಲೇ ತಿರುಗಿ ಕೂತಳು.

"ಅಮ್ಮ ತನ್ನ ಪಾಲಿಂದು ಮಾಫ್ ಮಾಡ್ಯಾಳ. ಆದ್ರ ಆ ಹಾಲಿನಾಗ ಅರ್ಧ ನಂದಿತ್ತು. ನಾ ಮಾಫ್ ಮಾಡಿಲ್ಲ."

ಮಗ ಈ ಸಲ ತಾಯಿಯನ್ನು ಕೇಳಲಿಲ್ಲ, ನೂರೀನಳನ್ನು ಕೇಳಿದ. ಅವಳು ಒಂದು ಮಾತನ್ನೂ ಬಿಡದೆ ಹೇಳಿದಳು.