ಎರಡನೇ ರನ್

ಬೌಲ್ ಮಾಡಬೇಕಾದ ಕೊಕ್ಕರೆಯ ಬೂಟಿನ ಲೇಸು ಬಿಚ್ಚಿಕೊಂಡಿದೆ, ಹೇಳಬೇಕೇ ಬೇಡವೇ, ಓ ಅವನೇ ನೋಡಿಕೊಂಡ, ಬಗ್ಗಿ ಕಟ್ಟಿಕೊಳ್ಳುತ್ತಿದ್ದಾನೆ, ಕಟ್ಟಿಕೊಳ್ಳಲಿ, ಅಷ್ಟು ಹೊತ್ತು ಉಸಿರಾದರೂ ಆಡಬಹುದು — ಬ್ಯಾಟಿನ ತುದಿಯಿಂದ ಕ್ರೀಸಿನ ಗೆರೆ ಕುಟ್ಟುತ್ತ ನಿಂತಿದ್ದ ಇವನು, ಉಳಿದಿದ್ದು ಒಂದೇ ಚೆಂಡು, ಒಂದು ರನ್ ಓಡಿದರೆ ಸಮ, ಎರಡು ಓಡಿದರೆ ಗೆಲುವು, ಬೋರ್ಡು ನೋಡಬಾರದೆಂದು ಕೋಚ್ ಸರ್ ಬಡಕೊಂಡಿದ್ದರು, ಬೋರ್ಡು ನೋಡಿದ್ರೆ ಚೆಂಡು ಕಾಣಲ್ಲ ಕಣೋ, ಬಂದ ಚೆಂಡು ನೋಡು, ಅಷ್ಟೇ, ಆದರೂ ಓವರಿಗೊಮ್ಮೆ ಕದ್ದು ನೋಡಿದ್ದ, ಆಡಲು ಇಳಿದಾಗ ಬೆಟ್ಟದಂತಿದ್ದ ಮೊತ್ತ ಕರಗಿ ಕರಗಿ ಬೊಗಸೆಯಷ್ಟಾಗಿದೆ, ಬೊಗಸೆಯಷ್ಟಾದ ಮೇಲೇ ಭಯ ಜಾಸ್ತಿ, ಸೋಲುವ ಹಾಗಿದ್ದಾಗ ಇರದ ನಡುಕ ಗೆಲ್ಲುವ ಹಾಗಾದಾಗ ಎಲ್ಲಿಂದ ಬಂತು — ಎದುರು ತುದಿಯಿಂದ ಕ್ಯಾಪ್ಟನ್ ಕಣ್ಣಲ್ಲೇ ಕೇಳುತ್ತಾನೆ, ಸರಿಯಿದ್ದೀಯಾ, ತಲೆಯಾಡಿಸಿದ, ಸರಿ ಏನು ಬಂತು, ಹೋದ ವರ್ಷವೂ ಎದುರಿಗಿದ್ದವನು ಇದೇ ಕ್ಯಾಪ್ಟನ್, ಇಂಥದ್ದೇ ಕೊನೆಯ ಓವರು, ಬಾ ಎಂದು ಅರಚಿಕೊಂಡು ಅರ್ಧ ಪಿಚ್ ಓಡಿ ಬಂದಿದ್ದ, ಇವನ ಕಾಲು ಮಾತ್ರ ಕಿತ್ತು ಬರಲೇ ಇಲ್ಲ, ಕ್ಯಾಪ್ಟನ್ ಔಟಾದ, ಪಂದ್ಯ ಹೋಯಿತು, ಅಂದಿನಿಂದ ಹುಡುಗರ ಬಾಯಲ್ಲಿ ಇವನು ಕಂಬ, ಏ ಕಂಬ ನೀರು ಕೊಡೋ, ಕಂಬಕ್ಕೊಂದು ಬಲ್ಬು ಹಾಕ್ರೋ, ಅವರು ನಗುತ್ತಾರೆ, ಇವನೂ ನಗುತ್ತಾನೆ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದು ಯಾರಿಗೂ ಗೊತ್ತಿಲ್ಲ, ಕೋಚ್ ಸರ್‌ಗೆ ಹೇಗೋ ವಾಸನೆ ಬಡಿದಿರಬೇಕು, ಬೇಸಿಗೆಯಿಡೀ ಪ್ಯಾಡು ಕಟ್ಟಿಸಿ ಓಡಿಸಿದರು, ಬೆನ್ನ ಹಿಂದೆ ನಿಂತು ಎರಡು ಎಂದು ಕೂಗುವುದು, ಕೂಗಿದ ಕೂಡಲೇ ತಿರುಗಬೇಕು, ನೀನು ಯೋಚನೆ ಮಾಡ್ಬೇಡ, ಕಾಲಿಗೆ ಬಿಡು, ಮೊಣಕಾಲು ಊದಿಕೊಂಡಿತು, ಅಮ್ಮ ಬಿಸಿನೀರಿನ ಬಟ್ಟೆ ಒತ್ತುತ್ತ ಇದ್ಯಾವ ಸೀಮೆ ಆಟ ಎಂದಿದ್ದಳು — ಕೊಕ್ಕರೆ ಎದ್ದು ನಿಂತ, ಚೆಂಡನ್ನು ಪ್ಯಾಂಟಿಗೆ ಉಜ್ಜಿಕೊಂಡ, ಇವನ ಮನೆಯ ಮೇಲಿನ ಮಹಡಿಯಲ್ಲೇ ಇರುವವನು, ಆ ಉದ್ದ ಕಾಲಿಗೆ ಕೊಕ್ಕರೆ ಎಂದು ಹೆಸರಿಟ್ಟವನೂ ಇವನೇ, ಕಾರಿಡಾರಿನಲ್ಲಿ ಬಕೆಟ್ಟನ್ನೇ ಸ್ಟಂಪು ಮಾಡಿಕೊಂಡು ಇಬ್ಬರೂ ಆಡಿ ಬೆಳೆದವರು, ಈಗ ಅವನದು ಬೇರೆ ಕ್ಲಬ್ಬು, ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಇವತ್ತು ನಿನ್ನ ಸ್ಟಂಪು ಎಬ್ಬಿಸ್ತೀನಿ ನೋಡ್ತಿರು ಎಂದು ತಲೆಗೊಂದು ಮೊಟಕಿದ್ದ — ಬರುತ್ತಿದ್ದಾನೆ, ಪೆವಿಲಿಯನ್ನಿನ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡ ಜಿಲ್ಲಾ ತಂಡದ ಆಯ್ಕೆದಾರರು ಮುಂದಕ್ಕೆ ಬಾಗುತ್ತಾರೆ, ನೋಡಬೇಡ, ಚೆಂಡು, ಬಂದ ಚೆಂಡು, ಅಷ್ಟೇ.

ಕಾಲ ಬುಡಕ್ಕೆ ಬಂತು, ಬ್ಯಾಟು ತಾನಾಗಿ ಇಳಿಯಿತು, ಇಷ್ಟು ಚೆನ್ನಾಗಿ ಚೆಂಡು ತಾಗಿದ್ದು ಈ ಆಟದಲ್ಲೇ ಇಲ್ಲ, ಅಂಗೈಗೆ ಗೊತ್ತೇ ಆಗಲಿಲ್ಲ, ನೇರ, ಟಕ್ ಎಂದಿತು, ಅದರ ಬೆನ್ನಿಗೇ ಇನ್ನೊಂದು ಸದ್ದು, ಬ್ಯಾಟಿನದಲ್ಲ, ಹಸಿ ಕಟ್ಟಿಗೆಯನ್ನು ಗೋಡೆಗೆ ಬಡಿದಂಥದ್ದು, ಚೆಂಡು ಪಕ್ಕಕ್ಕೆ ಚಿಮ್ಮಿ ಉರುಳುತ್ತಿದೆ, ಅಲ್ಲಿ ಯಾರೂ ಇಲ್ಲ, ಇವನು ಆಗಲೇ ಓಡುತ್ತಿದ್ದಾನೆ, ಓಡುವ ದಾರಿಯ ಪಕ್ಕದಲ್ಲಿ ಬಿಳಿ ಬಟ್ಟೆಯ ಗಂಟೊಂದು ಬಿದ್ದಿದೆ, ಗಂಟಲ್ಲ, ಕೊಕ್ಕರೆ, ಮುಖ ನೆಲಕ್ಕೆ ಹಾಕಿ ಬಿದ್ದಿದ್ದಾನೆ, ಕಂಡಿತು, ಕಾಣಲಿಲ್ಲ ಎಂದು ಯಾರೆದುರು ಬೇಕಾದರೂ ಹೇಳಬಹುದು ಆದರೆ ಕಂಡಿತು, ಗೆರೆ ಮುಟ್ಟಿದ, ಒಂದು ರನ್, ಆ ತುದಿ ಮುಟ್ಟಿದ ಕ್ಯಾಪ್ಟನ್ ಕೈಯೆತ್ತಿ ಬೇಡ ಎನ್ನುತ್ತಿದ್ದಾನೆ, ಹತ್ತಿರದ ಫೀಲ್ಡರುಗಳು ಚೆಂಡು ಬಿಟ್ಟು ಕೊಕ್ಕರೆಯ ಕಡೆ ಓಡಿ ಬರುತ್ತಿದ್ದಾರೆ, ಅಂಪೈರ್ ಆಟ ನಿಲ್ಲಿಸಲೋ ಬೇಡವೋ ಎಂಬಂತೆ ಕೈ ಅರ್ಧಕ್ಕೆ ಎತ್ತಿ ಹಾಗೇ ನಿಂತಿದ್ದಾರೆ, ಆಗ ಯಾರೋ ಎರಡು ಎಂದು ಕೂಗಿದರು, ಎರಡು, ಬಾ, ಬಾ — ಯಾರದು ಈ ದನಿ, ಇಷ್ಟು ಗಟ್ಟಿಯಾಗಿ, ಇವನದೇ, ಇವನದೇ ಗಂಟಲು, ಕಾಲು ತಿರುಗಿಯೇಬಿಟ್ಟಿತ್ತು, ಕ್ಯಾಪ್ಟನ್ ಅಭ್ಯಾಸಬಲದಿಂದ ಓಡಿದ, ಮತ್ತೆ ಅದೇ ದಾರಿ, ಈಗ ಕೊಕ್ಕರೆಯ ಕೈಯೊಂದು ಅಡ್ಡಕ್ಕೆ ಚಾಚಿಕೊಂಡಿದೆ, ಬೆರಳು ಅಲ್ಲಾಡುತ್ತಿವೆ, ಏನನ್ನೋ ತಡಕುತ್ತಿವೆ, ಇವನು ಆ ಕೈ ಮೇಲಿಂದ ಹಾರಿದ, ಬ್ಯಾಟು ಚಾಚಿ ಗೆರೆ ಮುಟ್ಟಿಸಿದ, ಗೆದ್ದರು.

ಗೆದ್ದರೆ ಸದ್ದಾಗಬೇಕಿತ್ತು, ಆಗಲಿಲ್ಲ, ಪೆವಿಲಿಯನ್ನಿಂದ ಕುಣಿಯುತ್ತ ಬಂದ ಹುಡುಗರು ಮೈದಾನದ ಮಧ್ಯೆ ನಿಂತುಬಿಟ್ಟರು, ದೂರದಲ್ಲಿ ಒಬ್ಬ ಫೀಲ್ಡರ್ ಚೆಂಡು ಹಿಡಿದು ಯಾರಿಗೆ ಕೊಡಲಿ ಎಂಬಂತೆ ನೋಡುತ್ತಿದ್ದಾನೆ, ಕೊಕ್ಕರೆಯನ್ನು ಮಗ್ಗುಲಾಗಿಸಿದರು, ಹುಬ್ಬಿನಿಂದ ಕಿವಿಯವರೆಗೂ ಕೆಂಪು, ಆಂಬುಲೆನ್ಸು ಬಂತು, ಹೋಯಿತು, ರನ್ ಎರಡೂ ಲೆಕ್ಕಕ್ಕಿವೆ ಎಂದರು ಅಂಪೈರ್, ನಾನು ಕೈಯೆತ್ತೋ ಹೊತ್ತಿಗೆ ನೀವು ಮುಟ್ಟಿದ್ರಿ ಎಂದು ಇವನ ಮುಖ ನೋಡದೆ ಹೇಳಿದರು, ಎದುರು ತಂಡ ತಕರಾರು ತೆಗೆಯಲಿಲ್ಲ, ತೆಗೆದಿದ್ದರೆ ಎಷ್ಟೋ ಚೆನ್ನಾಗಿತ್ತು, ಡ್ರೆಸ್ಸಿಂಗ್ ರೂಮಿನ ಬೆಂಚಿನಲ್ಲಿ ಪ್ಯಾಡಿನ ಪಟ್ಟಿ ಬಿಚ್ಚುತ್ತಿದ್ದಾಗ ಹಿರಿಯ ಆಯ್ಕೆದಾರರು ಬಂದು ಹೆಗಲ ಮೇಲೆ ಕೈಯಿಟ್ಟರು, ಪಾಪ ಆ ಹುಡುಗಂಗೆ ಹಾಗಾಗಬಾರದಿತ್ತು, ಆದ್ರೆ ಅಂಥ ಹೊತ್ತಲ್ಲೂ ನೀನು ತಲೆ ಕೆಡಿಸಿಕೊಳ್ಳಲಿಲ್ಲ ನೋಡು, ಇಂಥೋರು ಬೇಕು ನಮಗೆ, ಆ ಕೈಯ ಭಾರ ಹೆಗಲಿಂದ ಇಳಿಯುತ್ತಲೇ ಇಲ್ಲ, ಕೋಚ್ ಸರ್ ಮಾತ್ರ ಬಾಗಿಲಲ್ಲಿ ನಿಂತು ಟೊಪ್ಪಿ ತಿರುವುತ್ತಿದ್ದರು, ಏನೋ ಹೇಳಲು ಬಂದವರು ನೀರು ಕುಡಿ ಎಂದಷ್ಟೇ ಹೇಳಿ ಹೋದರು, ಯಾರೂ ಕಂಬ ಎನ್ನಲಿಲ್ಲ, ಇನ್ನು ಮುಂದೆ ಯಾರೂ ಎನ್ನುವುದಿಲ್ಲ — ಬಸ್ ಡ್ರೈವರ್ ಅಪ್ಪ ಒಮ್ಮೆ ತುಂಬಿದ ಬಸ್ಸನ್ನು ಸೇತುವೆಯ ಮಧ್ಯದಲ್ಲೇ ನಿಲ್ಲಿಸಿದ್ದ, ಸೈಕಲ್ಲಿನವನು ಬಿದ್ದಿದ್ದನಂತೆ, ಹಿಂದೆ ಸಾಲುಗಟ್ಟಿದ ಗಾಡಿಗಳೆಲ್ಲ ಹಾರ್ನು, ಡಿಪೋದಲ್ಲಿ ಸಾಹೇಬರ ಬೈಗುಳ, ಮನೆಗೆ ಬಂದು ಊಟಕ್ಕೆ ಕೂತವನನ್ನು ಅಮ್ಮ ಯಾಕ್ರೀ ನಿಲ್ಲಿಸಿದ್ರಿ ಎಂದಿದ್ದಕ್ಕೆ, ನಾನೆಲ್ಲೇ ನಿಲ್ಲಿಸಿದೆ, ಕಾಲು ಬ್ರೇಕ್ ಮೇಲೆ ಹೋಗ್ಬಿಡ್ತು ಎಂದಿದ್ದ, ಅಪ್ಪನ ಕಾಲು ಹಾಗೆ, ಇವನ ಕಾಲು ಹೀಗೆ, ಇಲ್ಲ, ಆಟ ಬೇರೆ, ಕೊಕ್ಕರೆಯೂ ಆಡುತ್ತಲೇ ಇದ್ದನಲ್ಲ, ಬಿದ್ದವನ ಕೈ ಚೆಂಡು ಹುಡುಕುತ್ತಿತ್ತು, ಸಿಕ್ಕಿದ್ದರೆ ಸ್ಟಂಪಿಗೆ ಎಸೆಯುತ್ತಿದ್ದ, ಅವನು ಬಿಡಲಿಲ್ಲ, ಇವನೂ ಬಿಡಲಿಲ್ಲ, ಅಷ್ಟೇ, ಬೌಲರ್ ಅಂದರೆ ಹಾಗೇ, ಎಚ್ಚರ ತಪ್ಪುವಾಗಲೂ ಚೆಂಡೇ, ಹಾಗೆಂದು ಆಸ್ಪತ್ರೆಯ ದಾರಿಯುದ್ದಕ್ಕೂ ಹೇಳಿಕೊಂಡ, ಆಟೋದಲ್ಲಿ ಪಕ್ಕಕ್ಕೆ ಕೂತ ಕ್ಯಾಪ್ಟನ್ನಿಗೂ ಒಮ್ಮೆ ಹೇಳಿದ, ಕ್ಯಾಪ್ಟನ್ ಹೂಂ ಎಂದ, ಹೊರಗೆ ನೋಡಿದ.

ಕಾರಿಡಾರಿನ ಬೆಂಚಿನಲ್ಲಿ ಕೊಕ್ಕರೆಯ ಅಮ್ಮ, ಮಡಿಲಲ್ಲಿ ಮಗನ ಬೂಟು, ಇವನನ್ನು ಕಂಡು ಎದ್ದು ಬಂದು ಗಲ್ಲ ಸವರಿದಳು, ನೀನೇನು ಬೇಕಂತ ಮಾಡಿದ್ಯಾ ಮಗಾ, ಆಟ ಅದು, ಮೆದುಳಿಗೇನೂ ಆಗಿಲ್ಲವಂತೆ, ಕಣ್ಣಿನ ಸುತ್ತಲ ಮೂಳೆ ಮುರಿದಿದೆ, ನೋಟ ಎಷ್ಟು ಉಳಿಯುತ್ತೆ ಅಂತ ಊತ ಇಳಿದ ಮೇಲೆ ಹೇಳ್ತಾರಂತೆ, ಅವಳಿಗೆ ಯಾರೂ ಎರಡನೇ ರನ್ನಿನ ವಿಷಯ ಹೇಳಿಲ್ಲ, ಒಳಗೆ ಹೋದರೆ ಫಿನಾಯಿಲಿನ ವಾಸನೆ, ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ ಮುಖ ಯಾರದೋ ಅನ್ನಿಸುವಂತೆ ಊದಿದೆ, ಮಂಚ ಸಾಲದೆ ಪಾದ ಹೊರಗೆ ಚಾಚಿಕೊಂಡಿವೆ, ಪಾದ ಮಾತ್ರ ಕೊಕ್ಕರೆಯದು, ಯಾರು ಎಂದ, ಕ್ಯಾಪ್ಟನ್ ತನ್ನ ಹೆಸರು ಹೇಳಿದ, ಕೊಕ್ಕರೆ ಮೆಲ್ಲಗೆ ಕೇಳಿದ, ಎರಡನೇದಕ್ಕೆ ಕೂಗಿದ್ದು ಯಾರು, ಕ್ಯಾಪ್ಟನ್ ಬಾಯಿ ತೆರೆದ, ಅವನು ತನ್ನ ಮೇಲೆ ಹಾಕಿಕೊಳ್ಳುತ್ತಾನೆಂದು ಗೊತ್ತಾಗಿ ಇವನೇ ಮೊದಲು ನಾನು ಎಂದುಬಿಟ್ಟ, ಹೂಂ, ನಿನ್ನ ದನಿ ಅಂತ ಗೊತ್ತಾಯ್ತು ಕಣೋ, ಕಣ್ಣು ಕತ್ತಲೆ ಬಂದಿತ್ತು, ಏನೂ ಕಾಣ್ತಿರಲಿಲ್ಲ, ಬಾ ಬಾ ಅಂದಿದ್ದು ಮಾತ್ರ ಕೇಳಿಸ್ತು, ನನ್ನ ಕಡೆಗೇ ಬರ್ತಿದ್ದೀಯ ಅಂದ್ಕೊಂಡೆ, ಹಿಡ್ಕೊಳ್ಳಲಿ ಅಂತ ಕೈ ಕೊಟ್ಟೆ — ಆಮೇಲೆ ಅವನು ಇನ್ನೂ ಏನೋ ಹೇಳಿದ, ನರ್ಸ್ ಬಂದು ಸಾಕು ಹೊರಡಿ ಎಂದಳು, ಕ್ಯಾಪ್ಟನ್ ತೋಳು ಹಿಡಿದು ಎಳೆದ, ಇವನ ಕಾಲು ಕಿತ್ತು ಬರಲಿಲ್ಲ, ಚೆಂಡಲ್ಲ, ಹುಡುಕಿದ್ದು ಚೆಂಡನ್ನಲ್ಲ, ಮಣ್ಣಿನ ಮೇಲೆ ಕೈ, ಅಂಗೈ ಮೇಲಾಗಿ, ಬೆರಳು ಬಿಡಿಸಿಕೊಂಡು, ಮಡಚಿಕೊಂಡು, ಮತ್ತೆ ಬಿಡಿಸಿಕೊಂಡು, ಅದರ ಮೇಲಿಂದ ಹಾರುವ ಬೂಟು, ಕೆಳಗೆ ಕೈ, ಬೆರಳು ಬಿಡಿಸಿ ಕಾಯುವ ಕೈ, ಕೈ